ಎದುರು ಮನೆಯ ಮಗ

“ಅಜ್ಜಾರ, ಇನ್ನೂ ಮೀಸೆ ಮೂಡದ ಹುಡುಗ ಕುಡಿತಕ್ಕೆ ಬಿದ್ದರೆ ಮೊದಲು ಏನು ಮಾಡಬೇಕು?” ಎಂದು ಗುರುಪಾದ ಕೇಳಿದ.

ಗುರುಪಾದ ಶಾಲೆಯ ಮಾಸ್ತರ. ಹತ್ತು ವರ್ಷದಿಂದ ಮಠಕ್ಕೆ ಬಂದು ಅಲ್ಲಿಯ ಸ್ವಾಮಿಗಳಾದ ಅಜ್ಜನವರ ಬಳಿ ಓದಿದವನು. ಆ ದಿನ ಅವನು ಕೂರಲಿಲ್ಲ, ಬಂದ ರಭಸದಲ್ಲೇ ನಿಂತು ಮಾತಾಡಿದ. ಅವನ ಊರಿನಲ್ಲಿ ಒಂಬತ್ತನೆಯ ತರಗತಿಯ ಹುಡುಗರು ಕುಡಿಯಲು ಕಲಿತಿದ್ದರು. ಮರುದಿನ ಹಿರಿಯರು ಸೇರುವವರಿದ್ದರು. ಎಲ್ಲರನ್ನೂ ಕೆಡಿಸಿದ ಹುಡುಗ ಯಾರೆಂದು ಗೊತ್ತುಮಾಡಿ ಅವನನ್ನು ಊರು ಬಿಡಿಸಬೇಕು ಎಂದು ಗುರುಪಾದ ಸಭೆಯಲ್ಲಿ ಹೇಳುವವನಿದ್ದ. ಅಜ್ಜನವರು ಹೂಂ ಎಂದರೆ ಅವನಿಗೆ ಸಾಕಿತ್ತು.

ಅಜ್ಜನವರು ಹೂಂ ಅನ್ನಲಿಲ್ಲ. “ಕೂಡು,” ಎಂದರು. ಅವನು ಕೂತ ಮೇಲೆ ಕತೆ ಶುರು ಮಾಡಿದರು.

ಒಂದು ನೇಕಾರರ ಓಣಿ. ಎದುರುಬದುರು ಸೇರಿ ಮೂವತ್ತು ಮನೆ, ಮನೆಗೊಂದು ಮಗ್ಗ. ಆ ಓಣಿಯಲ್ಲಿ ಬನವ್ವ ಎಂಬ ಹೆಂಗಸು ಇದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬನೇ ಮಗ, ಪರಸು. ಹದಿನಾರು ತುಂಬಿತ್ತು. ಕೈ ಬಲು ಚುರುಕು. ಅವನು ಮಗ್ಗದಲ್ಲಿ ಕೂತು ಲಾಳಿ ಓಡಿಸಿದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಕೈ ನಡುಗತೊಡಗಿತು. ಸೀರೆಯಲ್ಲಿ ತಪ್ಪು ಬಿದ್ದವು. ಎಳೆ ಹರಿದವು. ಬನವ್ವ ಮೊದಲು ಜ್ವರ ಎಂದುಕೊಂಡಳು. ಆಮೇಲೆ ಅವನ ಅಂಗಿ ತೊಳೆಯುವಾಗ ಜೇಬಿನಲ್ಲಿ ಸರಾಯಿಯ ಖಾಲಿ ಪಾಕೀಟು ಸಿಕ್ಕಿತು. ಅವಳು ಅದನ್ನು ಒಲೆಗೆ ಹಾಕಿದಳು, ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಮಗನಿಗೆ ಪಿತ್ತವಾಗಿದೆ ಎಂದಳು. ಹೀಗೆ ಒಂದು ವರ್ಷ ಕಳೆಯಿತು.

ಆ ವರ್ಷದಲ್ಲಿ ಬನವ್ವನಿಗೆ ಒಂದು ವಿಷಯ ಮಾತ್ರ ಖಚಿತವಾಯಿತು. ತನ್ನ ಮಗನನ್ನು ಕೆಡಿಸಿದವನು ಎದುರು ಮನೆಯ ನೀಲವ್ವನ ಮಗ ಮಲ್ಲೇಶಿ. ಇಬ್ಬರೂ ಒಂದೇ ವಯಸ್ಸಿನ ವಾರಿಗೆಯವರು. ಒಬ್ಬನಿಲ್ಲದೆ ಇನ್ನೊಬ್ಬ ಅನ್ನ ಉಣ್ಣುತ್ತಿರಲಿಲ್ಲ. ಮಲ್ಲೇಶಿಯ ಅಪ್ಪ ದೂರದ ಊರಿನಲ್ಲಿ ಮಿಲ್ಲಿನ ಕೆಲಸಕ್ಕಿದ್ದ, ಹಬ್ಬಕ್ಕೊಮ್ಮೆ ಬರುತ್ತಿದ್ದ. ಅಪ್ಪನ ಅಂಕೆಯಿಲ್ಲದ ಹುಡುಗ ತನ್ನ ಮಗನ ಕೈಗೆ ಪಾಕೀಟು ಕೊಟ್ಟ ಎಂದು ಬನವ್ವ ತೀರ್ಮಾನಿಸಿದಳು. ಆ ಕಡೆ ನೀಲವ್ವನೂ ಕೂತು ಯೋಚಿಸಿದ್ದಳು. ಅಪ್ಪನನ್ನು ಕಳಕೊಂಡ ಪರಸು ತನ್ನ ಮಗನನ್ನು ಹಾಳು ಮಾಡಿದ ಎಂಬುದು ಅವಳ ತೀರ್ಮಾನ.

ಒಂದು ಬೆಳಿಗ್ಗೆ ನಳದ ಹತ್ತಿರ ಇಬ್ಬರ ಕೊಡ ಒಂದಕ್ಕೊಂದು ತಾಗಿದವು. ಅಷ್ಟೇ ಸಾಕಾಯಿತು.

“ನಿನ್ನ ಮಗನ್ನ ಮನ್ಯಾಗ ಕಟ್ಟಿ ಹಾಕು, ನೀಲವ್ವಾ! ನನ್ನ ಮಗನ್ನ ಕೆಡಿಸಿ ಇಟ್ಟಾನ!”

“ಯಾರು ಯಾರನ್ನ ಕೆಡಿಸ್ಯಾರ? ನಿನ್ನ ಮಗನ ಬಾಯಿ ವಾಸನಿ ಓಣಿ ತುಂಬ ಬರ್ತೈತಿ! ಮೊದಲ ಅದನ್ನ ಮುಚ್ಚು!”

ಕೊಡಗಳು ಉರುಳಿದವು. ಒಬ್ಬರ ಕೂದಲು ಇನ್ನೊಬ್ಬರ ಕೈಯಲ್ಲಿತ್ತು. ಓಣಿಯ ಹೆಂಗಸರು ಬಂದು ಬಿಡಿಸಿದರು. ಬಿಡಿಸಿದವರಲ್ಲಿ ಒಬ್ಬರೂ ಕುಡಿತದ ಮಾತು ಎತ್ತಲಿಲ್ಲ. ಬೇಗಬೇಗ ನೀರು ತುಂಬಿಕೊಂಡು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ಅದು ಆಗ ಬನವ್ವನ ಗಮನಕ್ಕೆ ಬರಲಿಲ್ಲ.

ಮನೆಗೆ ಬಂದವಳೇ ಅವಳು ಪರಸುವನ್ನು ಒಳಕೋಣೆಗೆ ದಬ್ಬಿ ಹೊರಗಿನಿಂದ ಚಿಲಕ ಹಾಕಿದಳು. ಕುಡಿಯಲು ಸಿಗದಿದ್ದರೆ ಚಟ ತಾನೇ ಬಿಡುತ್ತದೆ ಎಂಬುದು ಅವಳ ಲೆಕ್ಕ. ಮೊದಲ ದಿನ ಅವನು ಬಾಗಿಲು ಬಡಿದ, ಬೈದ. ಎರಡನೆಯ ದಿನ ಬೇಡಿಕೊಂಡ. ಗೋಡೆಯ ಮೇಲೆ ಇರುವೆ ಸಾಲುಗಟ್ಟಿವೆ, ಮೈಮೇಲೆ ಬರುತ್ತಿವೆ ಎಂದು ಕೂಗಿದ. ಅಲ್ಲಿ ಇರುವೆ ಇರಲಿಲ್ಲ. ಅಂದು ಮಧ್ಯಾಹ್ನ ಒಳಗೆ ಏನೋ ದೊಪ್ಪನೆ ಬಿತ್ತು. ಬನವ್ವ ಚಿಲಕ ತೆಗೆದಳು. ಮಗ ನೆಲದ ಮೇಲೆ ಸೆಟೆದು ಒದ್ದಾಡುತ್ತಿದ್ದ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಬಾಯಲ್ಲಿ ನೊರೆ.

ಅವಳು ಕಿರುಚಿದ್ದು ಇಡೀ ಓಣಿಗೆ ಕೇಳಿತು. ಎಲ್ಲರಿಗಿಂತ ಮೊದಲು ಓಡಿ ಬಂದವಳು ನೀಲವ್ವ. ಕೈಗೆ ಹತ್ತಿದ ಹಿಟ್ಟು ಹಾಗೇ ಇತ್ತು. ಯಾರೋ ಕಬ್ಬಿಣದ ಕೀಲಿ ಹಿಡಿದು ಬಂದು ಅವನ ಹಲ್ಲಿನ ನಡುವೆ ತುರುಕಲು ನೋಡಿದರು. ನೀಲವ್ವ ಆ ಕೈಯನ್ನು ಝಾಡಿಸಿ ತಳ್ಳಿದಳು.

“ಬಾಯಾಗ ಏನೂ ಹಾಕಬ್ಯಾಡ್ರಿ! ಮಗ್ಗಲಕ ಹೊರಳಸು, ಬನವ್ವಾ! ತಲಿ ಹಿಡಿ, ನೆಲಕ್ಕ ಬಡೀಗೊಡಬ್ಯಾಡ!”

ಬನವ್ವ ಹೇಳಿದಂತೆ ಮಾಡಿದಳು. ಮಗನ ಒದ್ದಾಟ ನಿಂತಿತು, ಉಸಿರು ಸರಿಯಾಯಿತು. ಆಗ ಅವಳು ತಲೆಯೆತ್ತಿ ಕೇಳಿದಳು.

“ನಿನಗ ಇದು ಹ್ಯಾಂಗ ಗೊತ್ತು?”

ನೀಲವ್ವ ಸೆರಗಿನಿಂದ ಪರಸುವಿನ ಬಾಯಿಯ ನೊರೆ ಒರೆಸಿದಳು. ಕಣ್ಣು ತುಂಬಿ ಬಂತು. ಹೋದ ತಿಂಗಳು ತನ್ನ ಮನೆಯಲ್ಲೂ ಇದೇ ಆಗಿತ್ತು ಎಂದು ಅವಳು ಬಾಯಿಬಿಟ್ಟು ಹೇಳುವುದು ಬೇಕಿರಲಿಲ್ಲ.

ಇಬ್ಬರೂ ಸೇರಿ ಪರಸುವನ್ನು ಸರಕಾರಿ ದವಾಖಾನೆಗೆ ಒಯ್ದರು. ಅಲ್ಲಿಯ ಡಾಕ್ಟರಮ್ಮ, ಜನ ಕರೆಯುವ ಡಾಕ್ಟರ್ ಬಾಯಿ, ಅವನನ್ನು ಮಲಗಿಸಿ ಔಷಧ ಕೊಟ್ಟಳು. ಆಮೇಲೆ ಬನವ್ವನನ್ನು ಕರೆದು ಗದರಿಸಿದಳು.

“ದಿನಾ ಕುಡಿಯುವವನಿಗೆ ಒಮ್ಮೆಲೇ ನಿಲ್ಲಿಸಿ ಕೋಣೆಯಲ್ಲಿ ಕೂಡಿಹಾಕಿದರೆ ಜೀವ ಹೋಗುತ್ತದೆ, ತಾಯಿ. ಇದು ಬೇನೆ. ಬೇನೆಗೆ ಚಿಲಕ ಹಾಕುತ್ತಾರಾ? ಇಲ್ಲಿಗೆ ತರಬೇಕು.” ನಂತರ ನೀಲವ್ವನ ಕಡೆ ತಿರುಗಿದಳು. “ನೀವು ಯಾಕೆ ಅಳುತ್ತಿದ್ದೀರಿ? ನಿಮ್ಮ ಮನೆಯಲ್ಲೂ ಒಬ್ಬನಿದ್ದಾನಾ? ನಾಳೆ ಅವನನ್ನೂ ಕರೆದುಕೊಂಡು ಬನ್ನಿ.”

ಮರುದಿನ ಮಲ್ಲೇಶಿಯೂ ಬಂದ. ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ ಒಂದು ವಾರ ಮಲಗಿದರು. ಬಿಡುಗಡೆಯ ದಿನ ಡಾಕ್ಟರ್ ಬಾಯಿ ಗುಳಿಗೆ ಕೊಟ್ಟು ಹೇಳಿದಳು. “ಮೈಯಿಂದ ವಿಷ ಇಳಿದಿದೆ. ಆಸೆ ಇಳಿದಿಲ್ಲ. ಅದಕ್ಕೆ ನನ್ನ ಹತ್ತಿರ ಮಾತ್ರೆ ಕಡಿಮೆ, ನಿಮ್ಮ ಕೆಲಸ ಹೆಚ್ಚು. ಒಬ್ಬನನ್ನೇ ಬಿಡಬೇಡಿ. ಮತ್ತೆ ಕುಡಿದರೆ ಮುಚ್ಚಿಡಬೇಡಿ, ಕರೆತನ್ನಿ. ವಾರಕ್ಕೊಮ್ಮೆ ಮುಖ ತೋರಿಸಬೇಕು.”

ಹನ್ನೆರಡು ದಿನ ಚೆನ್ನಾಗಿತ್ತು. ಹದಿಮೂರನೆಯ ದಿನ ಪರಸು ಕುಡಿದು ಬಂದ. ಬನವ್ವ ಹೊಡೆದಳು. ಹೊಡೆದು ಅತ್ತಳು. ಅತ್ತು ಅನ್ನ ಉಣಿಸಿದಳು. “ಯವ್ವಾ, ಇದೊಂದೇ ಸಲ,” ಎಂದು ಅವನು ಅವಳ ಕಾಲು ಹಿಡಿದ. ಅವಳು ನಂಬಿದಳು. ಮೂರು ದಿನಕ್ಕೆ ಮತ್ತೆ ಅದೇ ಆಯಿತು. ಮಗನ ಕಣ್ಣೀರು ನೋಡಿದರೆ ಅವಳ ಬುದ್ಧಿ ಕೆಲಸ ಮಾಡುತ್ತಿರಲಿಲ್ಲ. ಎದುರು ಮನೆಯಿಂದ ತಟ್ಟೆ ಎಸೆದ ಸದ್ದು ಬರುತ್ತಿತ್ತು.

ಒಂದು ಬೆಳಿಗ್ಗೆ ನೀಲವ್ವ ಓಣಿ ದಾಟಿ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು.

“ನನ್ನ ಮಗ ನನ್ನ ಮಾತು ಕೇಳೂದಿಲ್ಲ. ನಿನ್ನ ಮಗ ನಿನ್ನ ಮಾತು ಕೇಳೂದಿಲ್ಲ. ನಿನ್ನವನ್ನ ನನಗ ಕೊಡು. ನನ್ನವನ್ನ ನೀ ಇಟ್ಕೋ. ನಲವತ್ತು ದಿನ.”

ಬನವ್ವನಿಗೆ ಮೈ ಉರಿಯಿತು. “ನಿನ್ನ ಮಗನ್ನ? ನನ್ನ ಮನ್ಯಾಗ?”

“ನಿನ್ನ ಮಗನ್ನ ನನ್ನ ಮನ್ಯಾಗ ಇಟ್ಕೊಳ್ಳಾಕ ನನಗೂ ಸಂತೋಷ ಇಲ್ಲ,” ಎಂದಳು ನೀಲವ್ವ. “ಆದರ ನನ್ನ ಮುಂದ ನಿನ್ನ ಮಗ ಅತ್ತರ ನನ್ನ ಕರುಳು ಕರಗೂದಿಲ್ಲ. ನಾ ಗಟ್ಟಿ ಇರ್ತೀನಿ. ನೀನೂ ಹಂಗ ಇರ್ತಿ.”

ಆ ಮಾತಿನಲ್ಲಿ ಸುಳ್ಳಿಲ್ಲ ಎಂದು ಬನವ್ವನಿಗೆ ಗೊತ್ತಿತ್ತು.

ಸಂಜೆಯೊಳಗೆ ಎರಡು ಹಾಸಿಗೆ ಸುರುಳಿ ಓಣಿ ದಾಟಿದವು. ಒಂದು ಈ ಕಡೆ, ಇನ್ನೊಂದು ಆ ಕಡೆ.

ಮೊದಲ ದಿನ ಬನವ್ವ ಮಲ್ಲೇಶಿಯ ಮುಂದೆ ತಟ್ಟೆಯನ್ನು ಕುಕ್ಕಿ ಇಟ್ಟಳು. ಅವನು ತಲೆ ಬಗ್ಗಿಸಿ ಉಂಡ. ಎರಡನೆಯ ರೊಟ್ಟಿ ಕೇಳಲಿಲ್ಲ. ತನ್ನ ಮನೆಯಲ್ಲಿ ತಟ್ಟೆ ಎಸೆಯುವ ಹುಡುಗ ಇಲ್ಲಿ ತಟ್ಟೆ ತೊಳೆದಿಟ್ಟ. ಅವಳು ಗುಳಿಗೆ ಕೊಟ್ಟರೆ ನುಂಗಿದ, ಮಗ್ಗಕ್ಕೆ ಕೂರು ಎಂದರೆ ಕೂತ. ಇವಳ ಮುಂದೆ ಅತ್ತರೆ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು. ಇವನ ಮೇಲೆ ನಂಬಿಕೆಯಿಟ್ಟು ಮೋಸಹೋಗುವ ಕಾರಣ ಅವಳಿಗೂ ಇರಲಿಲ್ಲ.

ನಾಲ್ಕನೆಯ ದಿನ ಬನವ್ವ ಬಾಗಿಲಿಗೆ ಬಂದು ನಿಂತಾಗ ಎದುರು ಮನೆಯ ಗೋಡೆಯ ಮೇಲೆ ಸುಣ್ಣದ ಗೆರೆ ಕಂಡವು. ನಾಲ್ಕು ಗೆರೆ. ಪಕ್ಕದಲ್ಲಿ ನೀಲವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ನಿನ್ನ ಮಗ ನಾಲ್ಕು ದಿನದಿಂದ ಮುಟ್ಟಿಲ್ಲ!” ಎಂದು ಅವಳು ಕೂಗಿದಳು. “ನನ್ನವನ್ನ ಹ್ಯಾಂಗ ಇಟ್ಟೀದಿ?”

ಬನವ್ವ ಒಳಗೆ ಓಡಿದಳು. ಸುಣ್ಣದ ಕುಡಿಕೆ ತಂದು ತನ್ನ ಗೋಡೆಗೂ ನಾಲ್ಕು ಗೆರೆ ಎಳೆದಳು. ನೀಲವ್ವನ ಗೆರೆಗಿಂತ ಉದ್ದವಾಗಿ ಎಳೆದಳು.

ಅಂದಿನಿಂದ ಅದು ಪಂದ್ಯವಾಯಿತು. ನಳದ ಹತ್ತಿರ ಕೂದಲು ಹಿಡಿದು ಎಳೆದಾಡಿದ ಛಲ ಈಗ ಹುಡುಗರನ್ನು ಕಾಯುವುದರಲ್ಲಿ ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಾಗಿಲಿಗೆ ಬಂದು ನಿಲ್ಲುವರು. “ಏಳು!” “ನನ್ನದೂ ಏಳು!” ಓಣಿಯವರು ಕೆಲಸ ಬಿಟ್ಟು ಕಿವಿಗೊಡುವರು. ಕಟ್ಟೆಯ ಮೇಲಿನ ಮುದುಕರು ಅವರಿಗಿಂತ ಮೊದಲೇ ಎಣಿಕೆ ಹೇಳಿ ಬೈಸಿಕೊಳ್ಳುವರು.

ಎಂಟನೆಯ ದಿನ ಬನವ್ವ ಒಂದು ಸಂಗತಿ ಗಮನಿಸಿದಳು. ಮಗ್ಗ ನಿಲ್ಲುವ ಹೊತ್ತಾದರೆ ಮಲ್ಲೇಶಿಯ ಕಾಲು ನಿಲ್ಲುತ್ತಿರಲಿಲ್ಲ. ಬೆಳಗಿನಿಂದ ಸುಮ್ಮನೆ ನೇಯ್ದ ಹುಡುಗ ಸೂರ್ಯ ಇಳಿಯುತ್ತಲೇ ಬಾಗಿಲಿಗೂ ಹಿತ್ತಲಿಗೂ ಓಡಾಡುತ್ತಿದ್ದ, ಉಗುರು ಕಡಿಯುತ್ತಿದ್ದ. ಅವಳು ಹೊರಗೆ ಬಂದು ಕೂಗಿದಳು.

“ಏ ನೀಲವ್ವಾ! ಸಂಜಿ ಆತು ಅಂದ್ರ ಇವನ ಕಾಲು ನೆಲಕ್ಕ ಹತ್ತೂದಿಲ್ಲ! ನಿನ್ನ ಮನ್ಯಾಗಿನವ?”

“ಇವನೂ ಅಷ್ಟ! ಗೂಟಕ್ಕ ಕಟ್ಟಿದ ಕರುವಿನಂಗ ಒದ್ದಾಡ್ತಾನ!”

ಬನವ್ವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಇಲ್ಲಿದ್ದಾಗ ಪರಸುವೂ ಅದೇ ಹೊತ್ತಿಗೆ ಒದ್ದಾಡುತ್ತಿದ್ದ. ಅದೇ ಹೊತ್ತಿಗೆ ಹೊರಗೆ ಹೋಗಿ ಕುಡಿದು ಬರುತ್ತಿದ್ದ. ಹೆತ್ತ ಮಗನಲ್ಲಿ ಒಂದು ವರ್ಷ ಕಾಣದ್ದು ಎದುರು ಮನೆಯ ಹುಡುಗನಲ್ಲಿ ಎಂಟು ದಿನಕ್ಕೆ ಕಂಡಿತು. ಇಡೀ ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗರು. ಸಂಜೆ ಮೈ ಬಿಚ್ಚಿಕೊಳ್ಳಬೇಕು. ಆ ಹೊತ್ತಿಗೆ ಅವರಿಗೆಂದು ಓಣಿಯಲ್ಲಿ ತೆರೆದಿರುವ ಜಾಗ ಒಂದೇ, ಮೂಲೆಯ ಸರಾಯಿ ಅಂಗಡಿ.

ಮರುದಿನ ಮಗ್ಗ ನಿಂತ ಕೂಡಲೇ ಇಬ್ಬರು ತಾಯಂದಿರೂ ಇಬ್ಬರು ಹುಡುಗರನ್ನೂ ಓಣಿಯ ಹಿಂದಿನ ಬಯಲಿಗೆ ಕರೆದೊಯ್ದರು. ಬೆಳಿಗ್ಗೆ ಮಗ್ಗಕ್ಕೆ ಬೇಕಾದ ಉದ್ದ ನೂಲಿನ ಹಾಸು ಎಳೆಯುವ ಬಯಲು ಅದು, ಸಂಜೆ ಖಾಲಿ ಬಿದ್ದಿರುತ್ತಿತ್ತು. ನಡುವೆ ಗೆರೆ ಎಳೆದು “ಆಡ್ರಿ!” ಎಂದರು. ಹುಡುಗರಿಗೆ ನಾಚಿಕೆ. ಇಬ್ಬರೇ ಕಬಡ್ಡಿ ಆಡುವುದು ಹೇಗೆ? ನೀಲವ್ವ ಸೆರಗು ಸಿಕ್ಕಿಸಿಕೊಂಡು, “ಹೋಗೋ ಪರಸೂ, ಹೊಡಿ ಅವನ್ನ!” ಎಂದು ಕೂಗಿದಳು. ಬನವ್ವ ಬಿಟ್ಟುಕೊಡುವವಳೇ? “ಮಲ್ಲೇಶಿ, ಹಿಡಿ, ಕಾಲು ಹಿಡಿ!” ಎಂದು ತನ್ನ ಮಗನ ವಿರುದ್ಧವೇ ಅರಚಿದಳು. ಹುಡುಗರು ನಕ್ಕರು. ನಗುತ್ತಲೇ ಒಬ್ಬರ ಮೇಲೊಬ್ಬರು ಬಿದ್ದರು. ಮರುದಿನ ಓಣಿಯ ಆರು ಹುಡುಗರು ಸೇರಿದರು. ಅದರ ಮರುದಿನ ಹದಿನಾಲ್ಕು. ನೋಡಲು ಬಂದ ಹೆಂಗಸರು ಕಲ್ಲಿನ ಮೇಲೆ ಸಾಲಾಗಿ ಕೂತು ಗಂಟಲು ಹರಿಯುವಂತೆ ಕೂಗಿದರು. ಬನವ್ವನಿಗೆ ತಾನು ಕೊನೆಯ ಸಲ ಹೀಗೆ ಕೂಗಿದ್ದು ಯಾವಾಗ ಎಂದು ನೆನಪಾಗಲಿಲ್ಲ.

ಗೆರೆಗಳು ಹದಿನೆಂಟಾದವು.

ಹತ್ತೊಂಬತ್ತನೆಯ ದಿನ ಬನವ್ವ ನೇಯ್ದ ಸೀರೆಯನ್ನು ವ್ಯಾಪಾರಿಗೆ ಮುಟ್ಟಿಸಲು ಪೇಟೆಗೆ ಹೋದವಳು ತಡವಾಗಿ ಬಂದಳು. ಮನೆಯಲ್ಲಿ ಮಲ್ಲೇಶಿ ಇರಲಿಲ್ಲ. ಬಯಲಿನಲ್ಲೂ ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು ಓಡಿದಳು. ಗುಡಿಯ ಹಿಂದೆ ನೋಡಿದಳು, ಬಾವಿಯ ಕಟ್ಟೆ ನೋಡಿದಳು. ನೂಲಿಗೆ ಬಣ್ಣ ಹಾಕುವ ಮನೆಯ ಹಿಂಗೋಡೆಗೆ ಒರಗಿ ಅವನು ಕೂತಿದ್ದ. ಕೈಯಲ್ಲಿ ಪಾಕೀಟು. ಅರ್ಧ ಖಾಲಿ.

ಬನವ್ವ ಕೈ ಎತ್ತಿದಳು.

“ಹೊಡಿ, ಚಿಗವ್ವಾ,” ಎಂದ ಮಲ್ಲೇಶಿ. “ಆದರ ನಮ್ಮವ್ವಗ ಹೇಳಬ್ಯಾಡ. ನೀ ಸೋಲ್ತಿ.”

ಎತ್ತಿದ ಕೈ ಹಾಗೇ ನಿಂತಿತು. ಈ ಹುಡುಗನಿಗೆ ಏಟಿನ ಚಿಂತೆ ಇರಲಿಲ್ಲ. ಬನವ್ವನ ಸೋಲಿನ ಚಿಂತೆ ಇತ್ತು. ಅವನು ಮೊದಲ ಸಲ ಅವಳನ್ನು ಚಿಕ್ಕಮ್ಮನನ್ನು ಕರೆಯುವಂತೆ ಚಿಗವ್ವ ಎಂದು ಕರೆದದ್ದೂ ಆಗಲೇ. ಅವಳು ಆ ಪಾಕೀಟನ್ನು ಕಿತ್ತು ಮಣ್ಣಿಗೆ ಸುರಿದಳು. ಅವನ ಮಣಿಕಟ್ಟು ಹಿಡಿದು ಎಬ್ಬಿಸಿ ಮನೆಗೆ ಕರೆತಂದಳು.

ದೀಪ ಹಚ್ಚುವ ಹೊತ್ತಾಯಿತು. ಓಣಿಯವರು ಬಾಗಿಲಿಗೆ ಬಂದರು. ನೀಲವ್ವ ತನ್ನ ಗೋಡೆಯ ಮುಂದೆ ನಿಂತು ಕೂಗಿದಳು. “ಹತ್ತೊಂಬತ್ತು!”

ಬನವ್ವನ ಕೈಯಲ್ಲಿ ಸುಣ್ಣದ ಕುಡಿಕೆ ಇತ್ತು. ಒಂದು ಗೆರೆ ಎಳೆದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಹುಡುಗ ಬಾಯಿ ಬಿಡುವುದಿಲ್ಲ. ಒಂದು ವರ್ಷ ಇಡೀ ಓಣಿಗೆ ಪಿತ್ತ ಎಂದು ಹೇಳಿದ ನಾಲಗೆಗೆ ಹತ್ತೊಂಬತ್ತು ಎನ್ನುವುದು ಎಷ್ಟರ ಮಾತು? ಕಟ್ಟೆಯ ಮುದುಕನೊಬ್ಬ ಕೆಮ್ಮಿದ. “ಬನವ್ವಾ, ನಿನ್ನದು?” ಎಂದು ಕೇಳಿದ.

ಅವಳು ಸೆರಗಿನ ತುದಿಯಿಂದ ಹದಿನೆಂಟು ಗೆರೆಗಳನ್ನೂ ಒರೆಸಿಬಿಟ್ಟಳು.

“ಸೊನ್ನಿ!” ಎಂದು ಕೂಗಿದಳು. “ಇವತ್ತ ಕುಡ್ದಾನ. ನಾನ ಸರಿಯಾಗಿ ನೋಡ್ಕೊಳ್ಳಿಲ್ಲ. ನಾಳೆ ದವಾಖಾನಿಗೆ ಕರ್ಕೊಂಡು ಹೋಗ್ತೀನಿ. ನಾಳೆಯಿಂದ ಒಂದು!”

ಈಗ ನೀಲವ್ವ ಬಂದು ಕೂದಲಿಗೆ ಕೈ ಹಾಕುತ್ತಾಳೆ ಎಂದು ಎಲ್ಲರೂ ಕಾದರು. ಆದರೆ ನೀಲವ್ವ ತಿರುಗಿ ತನ್ನ ಗೋಡೆಯ ಗೆರೆಗಳನ್ನು ಎರಡೂ ಅಂಗೈಯಿಂದ ಒರೆಸತೊಡಗಿದಳು.

“ನನ್ನದೂ ಸೊನ್ನಿ, ಬನವ್ವಾ,” ಎಂದಳು. “ನಿನ್ನ ಮಗ ಮೊನ್ನೆ ಕುಡ್ದ. ನಾ ಮುಚ್ಚಿಟ್ಟೆ. ನಿನ್ನ ಮುಂದ ಸೋಲಾಕ ನನಗ ಮನಸ್ಸಾಗಲಿಲ್ಲ.”

ಅವಳು ಓಣಿ ದಾಟಿ ಬಂದಳು. ಈ ಸಲ ಹೊಸ್ತಿಲ ಒಳಗೆ ಬಂದಳು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತರು. ಅಳುತ್ತಿದ್ದಾರೋ ನಗುತ್ತಿದ್ದಾರೋ ನೋಡುವವರಿಗೆ ತಿಳಿಯಲಿಲ್ಲ.

ಆಗ ಮೂರು ಮನೆ ಆಚೆ ಒಂದು ದನಿ ಎದ್ದಿತು. “ನಮ್ಮ ಮನ್ಯಾಗೂ ಒಬ್ಬ ಅದಾನ, ಯವ್ವಾ.”

ಎಲ್ಲರೂ ಆ ಕಡೆ ತಿರುಗಿದರು. ತಿರುಗುವಷ್ಟರಲ್ಲಿ ಈ ಕಡೆಯಿಂದ ಇನ್ನೊಂದು. “ನಮ್ಮಲ್ಲೂ.” ಅದರಾಚೆ ಒಬ್ಬ ಅಪ್ಪ ಬಾಗಿಲ ಚೌಕಟ್ಟು ಹಿಡಿದು, “ನನ್ನ ಸಣ್ಣ ಮಗ. ಹದಿನಾಲ್ಕು ಅವಗ,” ಎಂದ. ಒಂದರ ಹಿಂದೆ ಒಂದು ಬಾಗಿಲಿನಿಂದ ದನಿ ಬಂದವು. ಮೂವತ್ತು ಮನೆಯ ಓಣಿಯಲ್ಲಿ ಇವರಿಬ್ಬರದೂ ಸೇರಿ ಒಂಬತ್ತು ಮನೆ. ಒಬ್ಬೊಬ್ಬರೂ ತಮ್ಮದು ಒಂದೇ ಮನೆ ಎಂದು ತಿಳಿದು ಚಿಲಕ ಹಾಕಿಕೊಂಡು ಕೂತಿದ್ದರು. ನಳದ ಜಗಳದ ದಿನ ಹೆಂಗಸರು ಯಾಕೆ ಅಷ್ಟು ಬೇಗ ಒಳಗೆ ಹೋದರು ಎಂದು ಬನವ್ವನಿಗೆ ಈಗ ಅರ್ಥವಾಯಿತು. ಅವಳಿಗೆ ದುಃಖವಾಗಬೇಕಿತ್ತು. ಬದಲಾಗಿ ಮೈಯಲ್ಲಿ ಹತ್ತಾಳಿನ ಶಕ್ತಿ ಬಂತು.

“ಹಂಗಾರ ನಾಳೆ ಎಲ್ಲಾರೂ ಬದಲ ಮಾಡ್ಕೊಳ್ರಿ!” ಎಂದಳು ನೀಲವ್ವ.

ಗದಿಗೆಪ್ಪ ಎಂಬ ನೇಕಾರ ಕಟ್ಟೆಯಿಂದ ಇಳಿದು ಬಂದ. ಮಗನನ್ನು ಕೊಡಲು ಅವನು ಒಪ್ಪಿದ. ಆದರೆ ತಲೆ ಕೆರೆದುಕೊಂಡು ಕೇಳಿದ. “ಅವ ಬ್ಯಾರೆ ಮನಿಗೆ ಹೋದರ, ಸಂಜಿಗೆ ನನಗ ಪಾಕೀಟು ತಂದುಕೊಡೋರು ಯಾರು?”

ಓಣಿ ಘೊಳ್ಳೆಂದು ನಕ್ಕಿತು. ಗದಿಗೆಪ್ಪನೂ ನಕ್ಕ. ನಗುತ್ತಾ ನಗುತ್ತಾ ತಾನು ಆಡಿದ ಮಾತು ಅವನ ಕಿವಿಗೇ ಬಿತ್ತು. ನಗು ನಿಂತಿತು. ಅವನು ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಇನ್ನು ಮುಂದೆ ಓಣಿಯ ಯಾವ ಮನೆಯೂ ಮಕ್ಕಳ ಕೈಯಲ್ಲಿ ಕುಡಿಯುವುದನ್ನು ತರಿಸಬಾರದು ಎಂದು ಆ ಸಂಜೆಯೇ ತೀರ್ಮಾನವಾಯಿತು. ಅದನ್ನು ಮೊದಲು ಹೇಳಿದವನು ಗದಿಗೆಪ್ಪ.

ಮರುದಿನ ಬೆಳಿಗ್ಗೆ ಇನ್ನೂ ಏಳು ಹಾಸಿಗೆ ಸುರುಳಿ ಓಣಿಯ ತುಂಬ ಅಡ್ಡಾಡಿದವು. ಹುಡುಗರು ತಲೆಯ ಮೇಲೆ ಹೊತ್ತು, ಯಾರ ಮನೆ ಯಾರಿಗೆ ಎಂದು ಗೊತ್ತಾಗದೆ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ಸಣ್ಣ ಮಕ್ಕಳು ತಮ್ಮನ್ನೂ ಬದಲು ಮಾಡಿ ಎಂದು ಹಟ ಹಿಡಿದರು. ನಂತರ ಇಡೀ ದಂಡು ದವಾಖಾನೆಗೆ ಹೊರಟಿತು. ಡಾಕ್ಟರ್ ಬಾಯಿ ಬಾಗಿಲಿಗೆ ಬಂದು, “ಇದೇನು, ಮದುವೆಯ ದಿಬ್ಬಣವೇ?” ಎಂದು ಕೇಳಿದಳು.

ದವಾಖಾನೆಯಿಂದ ಬರುತ್ತಾ ತಾಯಂದಿರು ಮೂಲೆಯ ಅಂಗಡಿಯ ಮುಂದೆ ನಿಂತರು. ಬೈಯಲಿಲ್ಲ, ಕಲ್ಲು ಎತ್ತಲಿಲ್ಲ. ಒಂಬತ್ತು ಹುಡುಗರನ್ನೂ ಸಾಲಾಗಿ ನಿಲ್ಲಿಸಿ ಅಂಗಡಿಯವನಿಗೆ ತೋರಿಸಿದರು. “ಇವರ ಮುಖ ನೋಡ್ಕೋ. ಇವರಿಗಿಂತ ಸಣ್ಣವರ ಮುಖಾನೂ ನೋಡ್ಕೋ. ದಿನಾ ಸಂಜಿ ನಾವು ಇಬ್ಬಿಬ್ಬರು ಇಲ್ಲಿ ಬಂದು ಕೂಡ್ತೀವಿ,” ಎಂದಳು ಬನವ್ವ. ಹೇಳಿದಂತೆ ಕೂತರು. ಮಳೆ ಬಂದರೂ ಗೋಣಿ ಹೊದ್ದು ಕೂತರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಂಗಡಿಯವನು ಹುಡುಗರನ್ನು ತಾನೇ ಗದರಿಸಿ ಕಳಿಸತೊಡಗಿದ.

ಎಲ್ಲರೂ ಗೆದ್ದರು ಎಂದು ತಿಳಿಯಬೇಡ. ಒಂಬತ್ತರಲ್ಲಿ ಒಬ್ಬ ಓಡಿಹೋದ. ಅವನ ಸುದ್ದಿ ಇಂದಿಗೂ ಇಲ್ಲ. ಅವನನ್ನು ತನ್ನ ಮನೆಯಲ್ಲಿ ನೋಡಿಕೊಂಡಿದ್ದ ತಾಯಿ ಅವನ ಹಾಸಿಗೆಯನ್ನು ಇನ್ನೂ ಬಿಸಿಲಿಗೆ ಹಾಕಿ ತೆಗೆಯುತ್ತಾಳೆ. ಇನ್ನೊಬ್ಬ ಮೂರು ವರ್ಷ ಬಿದ್ದ, ಎದ್ದ, ನಾಲ್ಕು ಸಲ ದವಾಖಾನೆಗೆ ಹೋದ. ಮಲ್ಲೇಶಿ ಮತ್ತೆ ಎರಡು ಸಲ ಸೊನ್ನೆಗೆ ಬಂದ. ಪರಸು ಒಂದು ಸಲ. ಪ್ರತಿ ಸಲವೂ ಗೆರೆಗಳನ್ನು ಹಾಡಹಗಲಿನಲ್ಲಿ, ಎಲ್ಲರ ಮುಂದೆ ಒರೆಸಿದರು. ಕೊನೆಗೆ ಎರಡೂ ಗೋಡೆಯ ಮೇಲೆ ನಲವತ್ತು ಗೆರೆ ನಿಂತವು. ಆ ಸಂಜೆ ಬಯಲಿನಲ್ಲಿ ಎಬ್ಬಿಸಿದ ಗದ್ದಲಕ್ಕೆ ಪಕ್ಕದ ಓಣಿಯವರು ಬೆಂಕಿ ಬಿತ್ತೇನೋ ಎಂದು ಕೊಡ ಹಿಡಿದು ಓಡಿ ಬಂದರು.

ಪರಸು ಮನೆಗೆ ಮರಳಿದ. ಒಳಗೆ ಬಂದವನೇ ಹಾಸಿಗೆ ಇಟ್ಟು, “ಯವ್ವಾ, ಖರೆ ಹೇಳ್ತೀನಿ. ನೀಲವ್ವ ಚಿಗವ್ವನ ರೊಟ್ಟಿ ನಿನಗಿಂತ ಛಲೋ,” ಎಂದ. ಬನವ್ವ ಲಟ್ಟಣಿಗೆ ಎತ್ತಿಕೊಂಡು ಅವನನ್ನು ಹಿತ್ತಲ ತನಕ ಅಟ್ಟಿಸಿಕೊಂಡು ಹೋದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒಳಗೆ ಬಂದು ನೋಡಿದರೆ ಮಲ್ಲೇಶಿ ಇನ್ನೂ ಮಗ್ಗದಲ್ಲೇ ಕೂತಿದ್ದ.

“ನೀ ಹೋಗೂದಿಲ್ಲೇನೋ? ನಿಮ್ಮವ್ವ ಕಾಯ್ತಿರಬೇಕು,” ಎಂದಳು.

“ಈ ಸೀರಿ ಮುಗಿಸೇ ಹೋಗ್ತೀನಿ, ಚಿಗವ್ವಾ,” ಎಂದ ಅವನು.

ಬನವ್ವ ಬೇಡ ಅನ್ನಲಿಲ್ಲ. ಅವನ ಪಕ್ಕದಲ್ಲಿ ಕೂತು ನೂಲು ಸುತ್ತತೊಡಗಿದಳು.

ಅಜ್ಜನವರು ಕತೆ ನಿಲ್ಲಿಸಿದರು. ಗುರುಪಾದನ ಮುಖ ಕೆಂಪೇರಿತ್ತು. ಕತೆ ಕೇಳುತ್ತಾ ಅವನು ಮುಂದೆ ಜರುಗಿ ಜರುಗಿ ಅಜ್ಜನವರ ಚಾಪೆಯ ಅಂಚಿಗೇ ಬಂದಿದ್ದ.

“ಆದರೆ ಅಜ್ಜಾರ, ಒಂದು ಹೇಳಲೇ ಇಲ್ಲ,” ಎಂದ ಅವನು ಆತುರದಿಂದ. “ಕೊನೆಗೂ ಯಾರು ಯಾರನ್ನು ಕೆಡಿಸಿದ್ದು? ಮಲ್ಲೇಶಿ ಪರಸುವನ್ನೋ, ಪರಸು ಮಲ್ಲೇಶಿಯನ್ನೋ?”

“ಅದನ್ನು ಕೇಳಲು ಆ ತಾಯಂದಿರಿಗೆ ಬಿಡುವೇ ಸಿಗಲಿಲ್ಲಪ್ಪ,” ಎಂದರು ಅಜ್ಜನವರು.